ಖಾಕಿ ಎಷ್ಟು ತೂಗಬೇಕು?

ರಾಜಕಾರಣಿಯ ಮೇಲೆ ಆರೋಪ ಬಂದಾಗ ಒಮ್ಮೆ ಮೂರು ಮೂರು ತನಿಖಾ ಸಂಸ್ಥೆಗಳು ಮುಗಿಬೀಳುತ್ತವೆ, ಇನ್ನೊಮ್ಮೆ ಕಡತ ಕಪಾಟು ಸೇರುತ್ತದೆ. ಎರಡೂ ಸಲ ಕಾಯುವವರು ಠಾಣೆಯ ಬೆಂಚಿನ ಮೇಲೆ ಕೂತ ಸಾಮಾನ್ಯ ದೂರುದಾರರು. ವಿದುರಾಶ್ವತ್ಥದಿಂದ ಕಂಬಾಲಪಲ್ಲಿಯವರೆಗೆ ಚಿಕ್ಕಬಳ್ಳಾಪುರ ಸೀಮೆ ಕೇಳುತ್ತಲೇ ಬಂದಿರುವ ಪ್ರಶ್ನೆ ಇದು: ಯಾವ ಆರೋಪಕ್ಕೆ ಎಷ್ಟು ಪೊಲೀಸು?

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. 1938ರ ಏಪ್ರಿಲ್ 25. ಹರಕೆ ಹೊತ್ತವರು ನೆಟ್ಟ ನಾಗರಕಲ್ಲುಗಳ ಸಾಲಿನಾಚೆ, ಸುತ್ತಲ ಹಳ್ಳಿಗಳ ಜನ ಕಿಕ್ಕಿರಿದು ಸೇರಿದ್ದಾರೆ. ಸಭೆ ನಡೆಸಕೂಡದು, ಬಾವುಟ ಏರಿಸಕೂಡದು ಎಂಬ ನಿಷೇಧಾಜ್ಞೆ ಇದೆ. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಬಾವುಟ ಏರಿದ ಸುದ್ದಿಯೂ ಊರೂರಿಗೆ ಮುಟ್ಟಿದೆ. ಜನ ಕದಲುವುದಿಲ್ಲ. ಕೊನೆಗೆ ಮೈಸೂರು ಸಂಸ್ಥಾನದ ಪೊಲೀಸರು ಬಂದೂಕು ಎತ್ತುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಸತ್ತವರು 10. ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು.

ಅಂದಿನ ಆರೋಪವಾದರೂ ಏನು? ಆಜ್ಞೆ ಮೀರಿ ಬಾವುಟ ಏರಿಸಲು ಹೊರಟದ್ದು. ಅದಕ್ಕೆ ಸಿಕ್ಕ ಉತ್ತರ ಗುಂಡು. ಆಮೇಲೆ ನಡೆದದ್ದನ್ನು ನೋಡಿದರೆ ಎರಡರ ನಡುವಿನ ಅಂತರ ಇನ್ನೂ ಎದ್ದು ಕಾಣುತ್ತದೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ಮಾತುಕತೆಗೆ ಕೂತರು. ಮಿರ್ಜಾ–ಪಟೇಲ್ ಒಪ್ಪಂದವಾಗಿ, ಮೈಸೂರಿನ ಬಾವುಟದ ಪಕ್ಕದಲ್ಲೇ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು. ಏಪ್ರಿಲಿನಲ್ಲಿ ಜೀವ ತೆಗೆಯುವಷ್ಟು ದೊಡ್ಡದೆನಿಸಿದ್ದ ಅಪರಾಧ ಕೆಲವೇ ವಾರಗಳಲ್ಲಿ ಅಪರಾಧವಾಗಿಯೇ ಉಳಿಯಲಿಲ್ಲ.

ಅದೇ ಏಪ್ರಿಲ್ 25, 86 ವರ್ಷಗಳ ನಂತರ. ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ ಬೆಳಗಾದರೆ ಮತದಾನ. ಚುನಾವಣಾ ಸಂಚಾರಿ ದಳ 4.8 ಕೋಟಿ ರೂಪಾಯಿ ನಗದು ವಶಪಡಿಸಿಕೊಂಡಿತು. ಮಾದನಾಯಕನಹಳ್ಳಿ ಠಾಣೆಯಲ್ಲಿ ಬಿಜೆಪಿ ಅಭ್ಯರ್ಥಿ ಡಾ. ಕೆ. ಸುಧಾಕರ್ ವಿರುದ್ಧ ಎಫ್‌ಐಆರ್ ದಾಖಲಾಗಿದೆ ಎಂದು ರಾಜ್ಯದ ಮುಖ್ಯ ಚುನಾವಣಾಧಿಕಾರಿ ಕಚೇರಿ ಪ್ರಕಟಿಸಿತು. ಚುನಾವಣೆ ನಡೆದು ಅವರು ಸಂಸದರಾದರು. ಆರೋಪ ನಿಜವೋ ಸುಳ್ಳೋ ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಮತಕ್ಕಾಗಿ ಲಂಚ ಕೊಡುವುದಕ್ಕೆ ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆ ಇಟ್ಟಿದ್ದ ಗರಿಷ್ಠ ಶಿಕ್ಷೆ ಒಂದು ವರ್ಷ. ಅದು ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಯನ್ನೇ ನಡೆಸುವಂತಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಒಂದು ವರ್ಷ, ಅದೇ ದರ್ಜೆ. ಇಡೀ ಕ್ಷೇತ್ರದ ಮತವನ್ನೇ ಕೆಡಿಸಬಲ್ಲ ಕೃತ್ಯ ಕಾನೂನಿನ ತಕ್ಕಡಿಯಲ್ಲಿ ಸಣ್ಣ ಜಗಳದಷ್ಟೇ ತೂಗುತ್ತದೆ.

ಈ ಎರಡು ಏಪ್ರಿಲ್‌ಗಳು ಒಂದೇ ಕೊರತೆಯ ಎರಡು ಮುಖಗಳು. ರಾಜಕೀಯದವರ ಮೇಲಿನ ಆರೋಪಕ್ಕೆ ಎಷ್ಟು ಬಲ, ಎಷ್ಟು ಸಿಬ್ಬಂದಿ, ಎಷ್ಟು ದಿನ ಎಂಬುದಕ್ಕೆ ನಮ್ಮಲ್ಲಿ ಬರೆದಿಟ್ಟ ಅಳತೆ ಇಲ್ಲ. ಹಾಗಾಗಿ ಆರೋಪಿಯ ಹೆಸರು, ಆಳುವವರ ಬಣ್ಣ, ಟಿ.ವಿ.ಯ ಗದ್ದಲ ಇವೇ ಅಳತೆಗೋಲಾಗಿಬಿಡುತ್ತವೆ. ಅಳೆಯಬೇಕಾದದ್ದು ಬೇರೆ ಎರಡು ಸಂಗತಿಗಳನ್ನು: ಆರೋಪ ನಿಜವಾದರೆ ಜನರಿಗೆ ಆಗಿರುವ ಹಾನಿ ಎಷ್ಟು, ಮತ್ತು ಸಾಕ್ಷ್ಯವನ್ನು ಅಳಿಸಿಹಾಕುವ ಶಕ್ತಿ ಆರೋಪಿಗೆ ಎಷ್ಟಿದೆ. ಆ ಅಳತೆ ಬರಹದಲ್ಲಿ ಇರಬೇಕು, ಕೇಳಿದವರಿಗೆ ತೋರಿಸುವಂತಿರಬೇಕು. ಈ ಲೇಖನದ ವಾದ ಇಷ್ಟೇ.

[ಚೌಕಟ್ಟು] ಒಂದು ಜಿಲ್ಲೆ, ಹಲವು ಬಣ್ಣ
2023ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಕಾಂಗ್ರೆಸ್‌ನ ಪ್ರದೀಪ್ ಈಶ್ವರ್, ಚಿಂತಾಮಣಿಯಲ್ಲಿ ಅದೇ ಪಕ್ಷದ ಡಾ. ಎಂ.ಸಿ. ಸುಧಾಕರ್, ಶಿಡ್ಲಘಟ್ಟದಲ್ಲಿ ಜೆಡಿಎಸ್‌ನ ಬಿ.ಎನ್. ರವಿಕುಮಾರ್, ಗೌರಿಬಿದನೂರಿನಲ್ಲಿ ಪಕ್ಷೇತರರಾಗಿ ನಿಂತ ಕೆ.ಎಚ್. ಪುಟ್ಟಸ್ವಾಮಿಗೌಡ ಗೆದ್ದರು. 2024ರಲ್ಲಿ ಚಿಕ್ಕಬಳ್ಳಾಪುರದ ಲೋಕಸಭಾ ಸ್ಥಾನ ಬಿಜೆಪಿಗೆ. ಚಿಂತಾಮಣಿ, ಶಿಡ್ಲಘಟ್ಟ ಇದೇ ಜಿಲ್ಲೆಯಲ್ಲಿದ್ದರೂ ಸೇರಿರುವುದು ಕೋಲಾರ ಲೋಕಸಭಾ ಕ್ಷೇತ್ರಕ್ಕೆ. ಇಷ್ಟೂ ಬಣ್ಣಗಳ ನಡುವೆ ಪೊಲೀಸ್ ವರಿಷ್ಠಾಧಿಕಾರಿ ಮಾತ್ರ ಒಬ್ಬರೇ.

ಅಳತೆ ಏಕೆ ಬೇಕೆಂದು ತಿಳಿಯಲು ನಮ್ಮ ಠಾಣೆಗಳ ದಿನಚರಿಯನ್ನು ನೋಡಿದರೆ ಸಾಕು. ಶಿಡ್ಲಘಟ್ಟ ರೇಷ್ಮೆಗೂಡಿನ ಮಾರುಕಟ್ಟೆಯ ಊರು. ಅಲ್ಲಿ ಹಣಕಾಸಿನ ತಗಾದೆ, ಜಮೀನಿನ ಜಗಳ, ಬೈಕ್ ಕಳವು, ಮೊಬೈಲಿಗೆ ಬಂದ ಲಿಂಕ್ ಒತ್ತಿ ಉಳಿತಾಯ ಕಳೆದುಕೊಂಡವರ ದೂರು ಎಲ್ಲವೂ ಒಂದೇ ಬಾಗಿಲಿಗೆ ಬರುತ್ತವೆ. ಗೌರಿಬಿದನೂರಿಗೆ ಹಿಂದೂಪುರ ಕೂಗಳತೆಯ ದೂರ. ಕಳ್ಳ ಗಡಿ ದಾಟಿದನೆಂದರೆ ತನಿಖೆ ಇನ್ನೊಂದು ರಾಜ್ಯದ ಠಾಣೆಗೆ ಪತ್ರ ಬರೆಯುವುದರಿಂದ ಶುರುವಾಗಬೇಕು. ಚಿಕ್ಕಬಳ್ಳಾಪುರದವರಿಗೆ ವಾರಾಂತ್ಯ ಬಂತೆಂದರೆ ನಂದಿಬೆಟ್ಟ ಮತ್ತು ಆವಲಗುರ್ಕಿಯ ಆದಿಯೋಗಿ ಕಡೆಗೆ ಹರಿಯುವ ವಾಹನಗಳನ್ನು ನಿಭಾಯಿಸುವುದೇ ಒಂದು ಡ್ಯೂಟಿ. ಜಾತ್ರೆ, ಗಣೇಶನ ಮೆರವಣಿಗೆ, ಸಚಿವರ ಭೇಟಿ, ಪ್ರತಿಭಟನೆ ಎಲ್ಲದಕ್ಕೂ ಬಂದೋಬಸ್ತ್. ಬಂದೋಬಸ್ತಿಗೆ ನಿಂತ ಪಿಎಸ್‌ಐ ಅವರೇ ಸಂಜೆ ಠಾಣೆಗೆ ಬಂದು ಕೇಸ್ ಡೈರಿ ಬರೆಯಬೇಕು, ಮಹಜರು ನಡೆಸಬೇಕು, ಮರುದಿನ ಕೋರ್ಟಿಗೆ ಹಾಜರಾಗಬೇಕು. ಇಂಥ ಠಾಣೆಗೆ ರಾಜಕಾರಣಿಯೊಬ್ಬರ ಪ್ರಕರಣ ಬಂದರೆ ಎರಡು ಪಕ್ಷದವರೂ ಬೀದಿಗಿಳಿಯುತ್ತಾರೆ, ಬಂದೋಬಸ್ತ್ ಇಮ್ಮಡಿಯಾಗುತ್ತದೆ. ಸಾಕ್ಷ್ಯ ಹುಡುಕಬೇಕಾದ ಕೈಗಳು ಬ್ಯಾರಿಕೇಡ್ ಹಿಡಿಯುತ್ತವೆ.

ತನಿಖೆ ಮಾಡುವವರನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಿ ಎಂಬ ಮಾತು ಹಳೆಯದು. ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಇದನ್ನೇ ಹೇಳಿತು. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನೇ ಕೊಟ್ಟಿತು. ಆದರೆ ಮೊದಲು 10 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಶುರುಮಾಡಿ, ಕ್ರಮೇಣ ಉಳಿದೆಡೆಗೆ ಹರಡಿ ಎಂದಿತು. 2011ರ ಜನಗಣತಿಯಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಒಟ್ಟು ಜನಸಂಖ್ಯೆಯೇ ಸುಮಾರು 12.55 ಲಕ್ಷ. ಚಿಂತಾಮಣಿಯಂಥ ಊರಿಗೆ ಆ ‘ಕ್ರಮೇಣ’ ಎಂಬ ಪದ ಯಾವಾಗ ತಲುಪುತ್ತದೆ?

ಪೊಲೀಸ್ ಬಲ ಎಲ್ಲಿ ಬೇಕಿತ್ತೋ ಅಲ್ಲಿ ಇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಸಾಕ್ಷಿ. 2000ದ ಮಾರ್ಚ್ 11ರಂದು ಅಲ್ಲಿ 7 ದಲಿತರನ್ನು ಜೀವಂತ ಸುಟ್ಟರು. ದೇಶವೇ ಬೆಚ್ಚಿತು, ನಾಯಕರ ವಾಹನಗಳು ಊರಿಗೆ ಧೂಳೆಬ್ಬಿಸಿಕೊಂಡು ಬಂದವು. ಆ ದಿನಗಳಲ್ಲಿ ಪೊಲೀಸರಿಗೆ ಕೊರತೆ ಇರಲಿಲ್ಲ. ಕೊರತೆ ಬಿದ್ದದ್ದು ಆಮೇಲಿನ ವರ್ಷಗಳಲ್ಲಿ. ಸಾಕ್ಷಿದಾರರು ಅದೇ ನೆಲದಲ್ಲಿ, ಅದೇ ಭಯದ ನಡುವೆ ಬದುಕಬೇಕಿತ್ತು. ವಿಚಾರಣೆಯಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜೀವಗಳಿಗೆ ಹೊಣೆಗಾರರೇ ಇಲ್ಲ. ಸಾಕ್ಷಿಗಳ ರಕ್ಷಣೆಗೆಂದು ದೇಶವ್ಯಾಪಿ ಯೋಜನೆಯೊಂದಕ್ಕೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರಿನಲ್ಲಿ, ಕಂಬಾಲಪಲ್ಲಿ ಉರಿದು 18 ವರ್ಷಗಳಾದ ಮೇಲೆ. ಇದು ರಾಜಕಾರಣಿಯೊಬ್ಬರ ಮೇಲಿನ ಪ್ರಕರಣವಲ್ಲ ಎಂದು ಪಕ್ಕಕ್ಕಿಡುವಂತಿಲ್ಲ. ಒಂದು ಜಿಲ್ಲೆಯ ಪೊಲೀಸ್ ಬಲ ಒಂದೇ ಕೆರೆಯ ನೀರು. ಒಂದು ತೂಬಿನಿಂದ ಅಳತೆ ಮೀರಿ ಹರಿಸಿದರೆ ಇನ್ನೊಂದು ಗದ್ದೆ ಒಣಗಲೇಬೇಕು.

ಇದೇ ಜಿಲ್ಲೆಯ ಹಿರೇನಾಗವಲ್ಲಿಯದ್ದೂ ಇದೇ ಪಾಠ. 2021ರ ಫೆಬ್ರುವರಿಯಲ್ಲಿ ಜಿಲೆಟಿನ್ ಸ್ಫೋಟಿಸಿ 6 ಮಂದಿ ಸತ್ತ ಬಳಿಕ ಪ್ರಕರಣ ಸಿಐಡಿಗೆ ಹೋಯಿತು. ತೂಕ ಬಂದದ್ದು ಸಾವಿನ ನಂತರ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದ ಆಕ್ಷೇಪವೂ ಹೌದು. ರಾಜಕಾರಣಿಯ ಕೈಯಲ್ಲಿ ಅಧಿಕಾರವಿದೆ, ಹಣವಿದೆ, ವರ್ಗಾವಣೆಯ ಬೆದರಿಕೆಯಿದೆ. ಅಂಥವರನ್ನು ಸಾಮಾನ್ಯ ಠಾಣೆಯ ಸಾಮಾನ್ಯ ಅಳತೆಯಲ್ಲಿ ತನಿಖೆ ಮಾಡಲಾದೀತೇ? ಆಗದು. ಅದಕ್ಕೆ ಪ್ರಜ್ವಲ್ ರೇವಣ್ಣ ಅತ್ಯಾಚಾರ ಪ್ರಕರಣವೇ ಉದಾಹರಣೆ. ಆಗ ಹಾಲಿ ಸಂಸದ, ಮಾಜಿ ಪ್ರಧಾನಿಯ ಮೊಮ್ಮಗ. ಬಾಯಿಬಿಡಲು ಹೆದರುತ್ತಿದ್ದ ಮಹಿಳೆಯರು. ಆರೋಪಿ ಆಗಲೇ ದೇಶ ಬಿಟ್ಟಾಗಿತ್ತು. 2024ರ ಏಪ್ರಿಲ್ ಕೊನೆಯಲ್ಲಿ ಎಡಿಜಿಪಿ ಬಿ.ಕೆ. ಸಿಂಗ್ ನೇತೃತ್ವದಲ್ಲಿ ವಿಶೇಷ ತನಿಖಾ ದಳ ರಚನೆಯಾಯಿತು. ಅದರಲ್ಲಿ ಮಹಿಳಾ ಐಪಿಎಸ್ ಅಧಿಕಾರಿಗಳಿದ್ದರು. ಮೇ 31ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಂಧನ, 2025ರ ಆಗಸ್ಟ್ 1ರಂದು ಮೊದಲ ಪ್ರಕರಣದಲ್ಲಿ ದೋಷಿ ಎಂಬ ತೀರ್ಪು, ಮರುದಿನ ಜೀವಾವಧಿ ಶಿಕ್ಷೆ. ದೋಷ ಸಾಬೀತಿಗೆ ಆಧಾರವಾದವುಗಳಲ್ಲಿ ಒಂದು ಸೀರೆಯ ಮೇಲೆ ಉಳಿದಿದ್ದ ಡಿಎನ್‌ಎ ಕೂಡ ಇತ್ತು. ಇಲ್ಲಿ ತನಿಖೆಯ ಭಾರ ಹಾನಿಗೆ ತಕ್ಕದ್ದಾಗಿತ್ತು, ಸಂತ್ರಸ್ತೆಯ ಅಸಹಾಯಕತೆಗೆ ತಕ್ಕದ್ದಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಭಾರವೆಲ್ಲ ಸಾಕ್ಷ್ಯದ ಮೇಲೆ ಬಿತ್ತು. ತಕ್ಕ ಅಳತೆ ಎಂದರೆ ಸಣ್ಣ ಅಳತೆ ಎಂದಲ್ಲ. ಕೆಲವು ಆರೋಪಗಳಿಗೆ ಇದಕ್ಕಿಂತ ಹೆಚ್ಚೂ ಬೇಕಾದೀತು.

ಇದರ ಪಕ್ಕದಲ್ಲಿ ವಾಲ್ಮೀಕಿ ನಿಗಮದ ಹಗರಣವನ್ನಿಟ್ಟು ನೋಡಿ. 2024ರ ಮೇ ತಿಂಗಳಲ್ಲಿ ನಿಗಮದ ಅಧಿಕಾರಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಹೊರಬಿದ್ದದ್ದು ಪರಿಶಿಷ್ಟ ಪಂಗಡದವರಿಗೆ ಮೀಸಲಾದ ಕೋಟ್ಯಂತರ ರೂಪಾಯಿ ಅಡ್ಡದಾರಿ ಹಿಡಿದ ಕಥೆ. ಸಚಿವ ಬಿ. ನಾಗೇಂದ್ರ ಜೂನಿನಲ್ಲಿ ರಾಜೀನಾಮೆ ಕೊಟ್ಟರು. ಹಾನಿ ದೊಡ್ಡದು, ಆಳವಾದ ತನಿಖೆ ಬೇಕೇ ಇತ್ತು. ಆದರೆ ಒಂದೇ ಹಣದ ಜಾಡಿನ ಮೇಲೆ ರಾಜ್ಯದ ಎಸ್‌ಐಟಿ, ಸಿಬಿಐ, ಜಾರಿ ನಿರ್ದೇಶನಾಲಯ ಮೂರೂ ಇಳಿದವು. ಅದೇ ಬ್ಯಾಂಕ್ ದಾಖಲೆ, ಅದೇ ಸಾಕ್ಷಿಗಳು, ಮೂರು ಸಲ ಹೇಳಿಕೆ. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನ ಪ್ರಕರಣದಲ್ಲಿ ಲೋಕಾಯುಕ್ತ ಪೊಲೀಸರ ಜೊತೆಗೇ ಜಾರಿ ನಿರ್ದೇಶನಾಲಯವೂ ನಿಂತಿತು. ಲೋಕಾಯುಕ್ತ ಪೊಲೀಸರು ಮುಖ್ಯಮಂತ್ರಿಗೆ ಸಂಬಂಧಿಸಿ 2025ರ ಫೆಬ್ರುವರಿಯಲ್ಲಿ ಬಿ ರಿಪೋರ್ಟ್ ಸಲ್ಲಿಸಿದರು. ಜುಲೈನಲ್ಲಿ ಮುಖ್ಯಮಂತ್ರಿಯ ಪತ್ನಿಗೆ ಕೊಟ್ಟ ಸಮನ್ಸ್ ವಿಷಯದಲ್ಲಿ ಜಾರಿ ನಿರ್ದೇಶನಾಲಯದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು. ರಾಜಕೀಯ ಹೋರಾಟ ಮತದಾರರ ಮುಂದೆ ನಡೆಯಲಿ, ಅದಕ್ಕೆ ನಿಮ್ಮನ್ನೇಕೆ ಬಳಸಲಾಗುತ್ತಿದೆ ಎಂದು ಪೀಠವೇ ಕೇಳಿತು. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ ಇರುವ ಕಾಲದಲ್ಲಿ ಪ್ರತಿಯೊಂದು ಸಂಸ್ಥೆಯ ತನಿಖೆಯನ್ನೂ ಇನ್ನೊಂದು ಪಾಳೆಯ ನಂಬುವುದಿಲ್ಲ. ಆ ಅಪನಂಬಿಕೆಯ ಬಿಲ್ಲನ್ನು ಸಾರ್ವಜನಿಕರು ಕಟ್ಟುತ್ತಾರೆ.

[ಚೌಕಟ್ಟು] ಕಾನೂನಿನಲ್ಲಿ ಈಗಾಗಲೇ ಇರುವ ಮೆಟ್ಟಿಲುಗಳು
ಸಂಜ್ಞೇಯ ಅಪರಾಧ ಕಂಡರೆ ಎಫ್‌ಐಆರ್ ಕಡ್ಡಾಯ, ಭ್ರಷ್ಟಾಚಾರದಂಥ ಕೆಲವು ಬಗೆಯ ದೂರುಗಳಲ್ಲಿ ಮಾತ್ರ ಮೊದಲು ಪ್ರಾಥಮಿಕ ವಿಚಾರಣೆ ನಡೆಸಬಹುದು: ಲಲಿತಾ ಕುಮಾರಿ ತೀರ್ಪು, 2013. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸುವಂತಿಲ್ಲ: ಅರ್ನೇಶ್ ಕುಮಾರ್ ತೀರ್ಪು, 2014. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳಲ್ಲಿ ಪ್ರಾಥಮಿಕ ವಿಚಾರಣೆ ಮುಗಿಸಬಹುದು: ನಾಗರಿಕ ಸುರಕ್ಷಾ ಸಂಹಿತೆ, ಕಲಂ 173(3). ಪರಿಶಿಷ್ಟರ ಮೇಲಿನ ದೌರ್ಜನ್ಯ ಪ್ರಕರಣದ ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಗೆ ಸಲ್ಲದು.

ಎರಡನೇ ಆಕ್ಷೇಪ ಇನ್ನೂ ಸೂಕ್ಷ್ಮ. ‘ಸಿಬ್ಬಂದಿ ಇಲ್ಲ, ಆರೋಪ ಸಣ್ಣದು’ ಎಂಬ ನೆಪ ಕೈಗೆ ಸಿಕ್ಕರೆ ಪ್ರಭಾವಿಗಳ ಕಡತವನ್ನು ಮುಚ್ಚಿಹಾಕಲು ಅದಕ್ಕಿಂತ ಅನುಕೂಲದ ಮಾತು ಬೇರೆ ಬೇಕೇ? ಈ ಭಯ ನಿಜ. ಆದ್ದರಿಂದಲೇ ಅಳತೆ ಎಲ್ಲಿಂದ ಶುರುವಾಗಬೇಕು ಎಂಬುದು ಸ್ಪಷ್ಟವಿರಬೇಕು. ದೂರು ದಾಖಲಿಸುವುದರಲ್ಲಿ ಚೌಕಾಸಿ ಇಲ್ಲ, ಅದು ಎಲ್ಲರಿಗೂ ಒಂದೇ. ಅಳತೆಯ ಪ್ರಶ್ನೆ ಬರುವುದು ಆಮೇಲೆ: ಎಷ್ಟು ಅಧಿಕಾರಿಗಳು, ಬಂಧನ ಬೇಕೇ ನೋಟಿಸ್ ಸಾಕೇ, ಶೋಧಕ್ಕೆ ಎಷ್ಟು ಮಂದಿ, ಎಷ್ಟು ದಿನ. ಭಾಷಣದ ಒಂದು ಸಾಲಿಗೆ ಹತ್ತು ಊರುಗಳಲ್ಲಿ ಹತ್ತು ದೂರು ಕೊಟ್ಟು, ಹತ್ತು ಠಾಣೆಗಳ ತಂಡ ಒಬ್ಬರ ಮನೆಗೆ ಓಡುವುದು ತನಿಖೆಯಲ್ಲ. ಮಾತಿನ ಅಪರಾಧಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದೇ ಸರಿಯಾದ ದಾರಿ ಎಂದು 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪ್ರತಿ ಠಾಣೆಯೂ ಗೋಡೆಗೆ ಅಂಟಿಸಿಕೊಳ್ಳಬೇಕು.

ಮುಚ್ಚಿಹಾಕುವ ಕೆಲಸ ಠಾಣೆಯಲ್ಲಷ್ಟೇ ನಡೆಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬಿಜೆಪಿ ಸರ್ಕಾರ 2020ರಲ್ಲಿ ಜನಪ್ರತಿನಿಧಿಗಳ ಮೇಲಿನವೂ ಸೇರಿ 61 ಪ್ರಕರಣಗಳನ್ನು ಹಿಂಪಡೆಯಲು ಹೊರಟಿತು, ಹೈಕೋರ್ಟ್ ತಡೆಯಿತು. 2024ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಸರ್ಕಾರದ ಸಂಪುಟ ಹುಬ್ಬಳ್ಳಿ ಗಲಭೆಯದ್ದೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ತೀರ್ಮಾನಿಸಿತು, 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಹಾಲಿ, ಮಾಜಿ ಶಾಸಕ ಸಂಸದರ ಮೇಲಿನ ಪ್ರಕರಣಗಳನ್ನು ಹೈಕೋರ್ಟಿನ ಅನುಮತಿ ಇಲ್ಲದೆ ಹಿಂಪಡೆಯಕೂಡದು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿತ್ತು. ಪೇದೆಯೊಬ್ಬ ಊರೂರು ಅಲೆದು ಸಾಕ್ಷಿ ಕಲೆಹಾಕುತ್ತಾನೆ, ರೈಟರ್ ರಾತ್ರಿಯಿಡೀ ಹೇಳಿಕೆ ಬರೆಯುತ್ತಾನೆ, ಕೊನೆಗೆ ಸಂಪುಟದ ಒಂದು ಸಹಿ ಅಷ್ಟನ್ನೂ ಒರೆಸಿಹಾಕಬಹುದಾದರೆ ಪೊಲೀಸ್ ಸಂಪನ್ಮೂಲದ ಅಪವ್ಯಯ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಹೊರದೇಶದ ಒಂದು ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಬ್ರಿಟನ್ನಿನಲ್ಲಿ ಕೋವಿಡ್ ನಿರ್ಬಂಧದ ದಿನಗಳಲ್ಲಿ ಪ್ರಧಾನಿ ಕಚೇರಿಯಲ್ಲೇ ಪಾರ್ಟಿಗಳು ನಡೆದವೆಂಬ ಆರೋಪ ಬಂದಾಗ ಲಂಡನ್ ಪೊಲೀಸರು 2022ರಲ್ಲಿ ತನಿಖೆ ನಡೆಸಿದರು. 12 ಪತ್ತೇದಾರರ ತಂಡ, 126 ದಂಡದ ನೋಟಿಸ್, ಖರ್ಚು 4,60,000 ಪೌಂಡ್. ದಂಡ ಕಟ್ಟಿದವರಲ್ಲಿ ಪ್ರಧಾನಿಯೂ ಇದ್ದರು. ಸ್ಕಾಟ್ಲೆಂಡಿನಲ್ಲಿ ಆಡಳಿತ ಪಕ್ಷದ ಹಣಕಾಸಿನ ಬಗ್ಗೆ 2021ರಲ್ಲಿ ಶುರುವಾದ ತನಿಖೆಗೆ 20 ಲಕ್ಷ ಪೌಂಡಿಗೂ ಹೆಚ್ಚು ಖರ್ಚಾಯಿತು. ಅಷ್ಟು ಸರಿಯೋ ಅತಿಯೋ ಎಂಬ ಚರ್ಚೆ ಅಲ್ಲಿ ಜೋರಾಗಿಯೇ ನಡೆಯಿತು. ಅವರ ಪೊಲೀಸರು ನಮ್ಮವರಿಗಿಂತ ಮೇಲು ಎಂಬುದು ನನ್ನ ಮಾತಲ್ಲ. ಅಲ್ಲಿ ಲೆಕ್ಕ ಹೊರಬಿತ್ತು, ಹಾಗಾಗಿ ಅತಿ ಎನ್ನುವವರಿಗೂ ಸಾಲದು ಎನ್ನುವವರಿಗೂ ವಾದಿಸಲು ಒಂದು ನೆಲ ಸಿಕ್ಕಿತು. ನಮ್ಮಲ್ಲಿ ತನಿಖೆಯ ಖರ್ಚನ್ನು ಪ್ರಕಟಿಸುವ ವಾಡಿಕೆಯೇ ಇಲ್ಲ.

ಮತ್ತೆ ಜಿಲ್ಲೆಗೆ ಬರೋಣ. 2025ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಗುತ್ತಿಗೆ ಚಾಲಕರೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಸರ್ಕಾರಿ ಕೆಲಸದ ಆಸೆ ತೋರಿಸಿ ಹಣ ಪಡೆದರೆಂದು ದೂರುವ ಡೆತ್‌ನೋಟ್‌ನಲ್ಲಿ ಸಂಸದ ಸುಧಾಕರ್ ಹೆಸರೂ ಇತ್ತು, ಅವರ ವಿರುದ್ಧ ಪ್ರಕರಣ ದಾಖಲಾಯಿತು. ಆ ವ್ಯಕ್ತಿ ತಮಗೆ ಪರಿಚಯವೇ ಇಲ್ಲ ಎಂದು ಸಂಸದರು ಆರೋಪ ನಿರಾಕರಿಸಿದರು. ಇಂಥ ಪ್ರಕರಣಕ್ಕೆ ಬೇಕಾದದ್ದೇನು ಎಂದು ಶಾಂತವಾಗಿ ಯೋಚಿಸಿದರೆ ಉತ್ತರ ಸರಳ. ಕೈಬರಹದ ಪರೀಕ್ಷೆ, ಹಣ ಕೈ ಬದಲಿಸಿದ ದಾಖಲೆ, ಫೋನ್ ಕರೆಗಳ ವಿವರ, ಮನೆಯವರ ಹೇಳಿಕೆ. ವರ್ಗಾವಣೆಯ ಭಯವಿಲ್ಲದೆ ಕೆಲವು ತಿಂಗಳು ಒಂದೇ ಕಡತದ ಮೇಲೆ ಕೂರಬಲ್ಲ ಮೂರು ನಾಲ್ಕು ಮಂದಿ ಸಾಕು. ಬೀದಿಯಲ್ಲಿ ನಿಲ್ಲಿಸಿದ ತುಕಡಿಗಳಿಂದ ಇದರಲ್ಲಿ ಒಂದೂ ಆಗುವುದಿಲ್ಲ. ಸತ್ತವರ ಮನೆಯವರಿಗೂ, ಆರೋಪ ಹೊತ್ತವರಿಗೂ ಬೇಕಿರುವುದು ಆ ಸಣ್ಣ, ಗಟ್ಟಿ ತಂಡವೇ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪ್ರತಿ ತಿಂಗಳು ಎಸ್‌ಪಿ ಕಚೇರಿಯಲ್ಲಿ ನಡೆಯುವ ಅಪರಾಧ ಪರಿಶೀಲನಾ ಸಭೆಗೆ ಒಂದು ಹಾಳೆ ಹೆಚ್ಚಾಗಿ ಬಂದರೆ ಸಾಕು. ಜನಪ್ರತಿನಿಧಿಗಳ ಮೇಲಿನ ಪ್ರತಿ ಪ್ರಕರಣಕ್ಕೆ ಎಷ್ಟು ತನಿಖಾಧಿಕಾರಿಗಳನ್ನು ಹಾಕಲಾಯಿತು, ಏಕೆ, ಅವರನ್ನು ಯಾವ ಠಾಣೆಯಿಂದ ತೆಗೆಯಲಾಯಿತು, ಅದರಿಂದ ಯಾವ ಕಡತಗಳು ನಿಂತವು ಎಂದು ಅದರಲ್ಲಿ ಬರೆದಿರಬೇಕು. ತನಿಖೆ ನಡೆಯುವಾಗ ಗುಟ್ಟಾಗಿರಲಿ. ದೋಷಾರೋಪ ಪಟ್ಟಿಯೋ ಬಿ ರಿಪೋರ್ಟೋ ಸಲ್ಲಿಕೆಯಾದ ದಿನ ಆ ಹಾಳೆಯೂ ನ್ಯಾಯಾಲಯಕ್ಕೆ ಹೋಗಲಿ. ಶಾಸಕ ಸಂಸದರ ಪ್ರಕರಣಗಳ ಮೇಲೆ ನಿಗಾ ಇಡುವಂತೆ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೆ ಹೇಳಿದೆ, ಹಾಗಾಗಿ ನೋಡುವ ಕಣ್ಣೂ ಸಿದ್ಧವಿದೆ. ಪೊಲೀಸರ ಕೈ ಕಟ್ಟಿದಂತಾಗುತ್ತದೆ ಎನ್ನುವವರಿದ್ದಾರೆ. ಮೇಲಿನಿಂದ ಫೋನ್ ಬಂದಾಗ ‘ಕಾರಣವನ್ನು ಬರೆದು ಕೊಡಬೇಕಾಗುತ್ತದೆ, ಸರ್’ ಎಂದು ಹೇಳಲು ಒಬ್ಬ ಇನ್‌ಸ್ಪೆಕ್ಟರಿಗೆ ಬಲ ಕೊಡುವುದು ಆ ಹಾಳೆಯೇ.

ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಪ್ರಕಾರ ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ದೂರುದಾರರಿಗೆ ಪೊಲೀಸರು ತಿಳಿಸಲೇಬೇಕು. ಶಿಡ್ಲಘಟ್ಟದಲ್ಲಿ ಬೈಕ್ ಕಳೆದುಕೊಂಡು ದೂರು ಕೊಟ್ಟವರಿಗೂ ಆ ಹಕ್ಕಿದೆ. ಅವರ ಕಡತ ನಿಂತದ್ದು ಯಾವ ಕೆಲಸಕ್ಕಾಗಿ ಎಂಬ ಪ್ರಶ್ನೆಗೆ, 90ನೇ ದಿನ ಬೆಂಚಿನ ಮೇಲೆ ಕೂತ ಅವರ ಕೈಗೆ ಒಂದು ಉತ್ತರ ಸಿಗಬೇಕು, ಬರಹದಲ್ಲಿ.